ಫೈಲ್ ಸಿಕ್ಕಿತು, ವಿಳಾಸ ಕೇಳಬೇಡಿ

ಹುಡುಕಿದ ಪದ ಯಾವ ಫೈಲಿನಲ್ಲಿದೆ ಎಂದು ತೋರಿಸಬೇಕು, ಆದರೆ ನೋಡಿದವನಿಗೆ ತಿಳಿಯಬಾರದು. ಪ್ರೋಗ್ರಾಂ ಬರೆಯಲು ಬಳಸುವ ಟೆಕ್ಸ್ಟ್ ಎಡಿಟರ್ ಕಟ್ಟುವ ಮಹನೀಯರೆಲ್ಲ ಸೇರಿ ಹೀಗೊಂದು ನಿರ್ಣಯ ಕೈಗೊಂಡಂತಿದೆ.

ಪರದೆಯ ಪಕ್ಕದ ಪಟ್ಟಿಯನ್ನೇ ನೋಡಿ. ಏಳು ಫಲಿತಾಂಶ ಬಂದಿವೆ, ಏಳಕ್ಕೂ ದಪ್ಪಕ್ಷರದಲ್ಲಿ ಒಂದೇ ಹೆಸರು: ಇಂಡೆಕ್ಸ್.ಜೆಎಸ್. ಇವುಗಳಲ್ಲಿ ನಮಗೆ ಬೇಕಾದದ್ದು ಯಾವುದು ಎಂದು ಹೇಳಬಲ್ಲ ಏಕೈಕ ಸಾಕ್ಷಿ ಫೋಲ್ಡರಿನ ಹೆಸರು. ಅದನ್ನು ತೆಳು ಬೂದು ಬಣ್ಣದಲ್ಲಿ, ಇರುವೆಗೆ ಬರೆದ ಪತ್ರದಂತೆ ಪಕ್ಕದಲ್ಲಿ ಅಂಟಿಸಿದ್ದಾರೆ. ಜಾಗ ಸಾಲದಾದಾಗ ಕತ್ತರಿ ಬೀಳುವುದೂ ಅದಕ್ಕೇ. ಏಳೂ ಫೈಲುಗಳಿಗೆ ಸಮಾನವಾದ ಮೊದಲ ಭಾಗ ಕ್ಷೇಮವಾಗಿ ಉಳಿಯುತ್ತದೆ. ಒಂದರಿಂದ ಇನ್ನೊಂದನ್ನು ಬೇರೆ ಮಾಡುವ ಕೊನೆಯ ತುಂಡು ಮೂರು ಚುಕ್ಕಿಗಳಲ್ಲಿ ಲೀನ.

ವಿಮ್ ಎಂಬ ಎಡಿಟರಿನಲ್ಲಿ ಪಾತ್ ಅನ್ನು, ಅಂದರೆ ಫೋಲ್ಡರುಗಳ ಸರಣಿಯ ಸಮೇತ ಫೈಲಿನ ವಿಳಾಸವನ್ನು, ಮೊಟಕುಗೊಳಿಸಲು ಪಾತ್‌ಶಾರ್ಟನ್ ಎಂಬ ಫಂಕ್ಷನ್ ಇದೆ. ಫೈಲಿನ ಹೆಸರೊಂದನ್ನು ಬಿಟ್ಟು ದಾರಿಯಲ್ಲಿ ಸಿಕ್ಕ ಫೋಲ್ಡರುಗಳನ್ನೆಲ್ಲ ಅದು ಒಂದೊಂದು ಅಕ್ಷರಕ್ಕೆ ಇಳಿಸುತ್ತದೆ. ಕ್ಲೈಂಟ್, ಕಾಮನ್, ಕೋರ್, ಕಾನ್ಫಿಗ್ ಎಲ್ಲರೂ ಈಗ ಬರೀ ‘ಸಿ’. ಇಷ್ಟು ಸಮಾನತೆಯನ್ನು ಯಾವ ಸಂವಿಧಾನವೂ ಕೊಟ್ಟಿಲ್ಲ.

ಹಾಗಾದರೆ ಪೂರ್ತಿ ಪಾತ್ ತೋರಿಸಲಿ ಎನ್ನುತ್ತೀರಾ? ಅದರ ಸುಖವೂ ಉಂಟು. ಫೋಲ್ಡರಿನೊಳಗೆ ಫೋಲ್ಡರು ತುಂಬಿರುವ ಜಾವಾ ಪ್ರಾಜೆಕ್ಟಿನಲ್ಲಿ ಪಾತ್ ಮುಗಿಯುವಷ್ಟರಲ್ಲಿ ಸಾಲೇ ಮುಗಿದಿರುತ್ತದೆ. ಹುಡುಕಿದ ಪದ ಬಲಗಡೆ ಪರದೆಯಾಚೆ ಎಲ್ಲೋ ಸುಖವಾಗಿರುತ್ತದೆ.

ಇನ್ನು ಕೋಲನ್ (:) ಕಥೆ. ಫೈಲುಗಳಲ್ಲಿ ಪದ ಹುಡುಕಿಕೊಡುವ ಗ್ರೆಪ್ ಎಂಬ ಪ್ರೋಗ್ರಾಂ 1970ರ ದಶಕದ ಕೂಸು. ಅದರ ಫಲಿತಾಂಶದ ಸಾಲು ಹೀಗಿರುತ್ತದೆ. ಪಾತ್, ಕೋಲನ್, ಸಾಲಿನ ಸಂಖ್ಯೆ, ಮತ್ತೆ ಕೋಲನ್, ಆಮೇಲೆ ಪಠ್ಯ: ಎಡಿಟರುಗಳು ಇವತ್ತಿಗೂ ಈ ಸಾಲನ್ನೇ ಬಿಡಿಸಿ ಓದುತ್ತಿವೆ. ಯುನಿಕ್ಸಿನಲ್ಲಿ ಫೈಲಿನ ಹೆಸರಿಗೆ ಸ್ಲ್ಯಾಶ್ (/) ಮತ್ತು ಶೂನ್ಯ ಬೈಟ್ (ಬೆಲೆ ಸೊನ್ನೆಯಾದ ಚಿಹ್ನೆ) ಎರಡೇ ನಿಷಿದ್ಧ, ಕೋಲನ್ನಿಗೆ ಮುಕ್ತ ಪ್ರವೇಶ. ಅಂದರೆ ಹೆಸರಿನೊಳಗೆ ಬರಬಹುದಾದ ಚಿಹ್ನೆಯನ್ನೇ ಹೆಸರಿನ ಗಡಿಗಲ್ಲಾಗಿ ನೆಟ್ಟಿದ್ದಾರೆ. ವಿಂಡೋಸಿನಲ್ಲಂತೂ ‘ಸಿ’ಯಂಥ ಡ್ರೈವ್ ಅಕ್ಷರದ ಬೆನ್ನಿಗೇ ಕೋಲನ್. ಎಚ್ಚರವಿಲ್ಲದ ಪ್ರೋಗ್ರಾಂ ಸಿ ಎಂಬ ಫೈಲನ್ನು ಹುಡುಕಿಕೊಂಡು ಹೊರಡುತ್ತದೆ. ಹೆಸರಿನ ನಂತರ ಶೂನ್ಯ ಬೈಟ್ ಇಡುವ ಆಯ್ಕೆ ಗ್ರೆಪ್‌ನ ಗ್ನೂ ರೂಪದಲ್ಲಿದೆ, ನಿಜ. ಗಡಿ ಕಡೆಗೂ ಗಟ್ಟಿಯಾಯಿತು, ಮನುಷ್ಯರ ಕಣ್ಣಿಗೆ ಕಾಣದು ಅಷ್ಟೆ.

ಗ್ರೆಪ್‌ನಂತೆಯೇ ಹುಡುಕುವ ರಿಪ್‌ಗ್ರೆಪ್ ಸ್ವಲ್ಪ ಮರ್ಯಾದಸ್ಥ. ಟರ್ಮಿನಲ್‌ನಲ್ಲಿ ಫೈಲಿನ ಹೆಸರನ್ನು ಒಮ್ಮೆ ತಲೆಬರಹವಾಗಿ ಹಾಕಿ, ಸಾಲುಗಳನ್ನು ಅದರಡಿ ಜೋಡಿಸುತ್ತದೆ. ಇಮ್ಯಾಕ್ಸ್ ಎಂಬ ಎಡಿಟರಿಗೆ ಈ ಬುದ್ಧಿ ಬಂದದ್ದು 30ನೇ ಆವೃತ್ತಿಯಲ್ಲಿ, ಅದೂ ನಾವಾಗಿ ಸೆಟ್ಟಿಂಗ್ ಬದಲಿಸಿದರೆ. ಆದರೆ ಒಂದೇ ಫೈಲಿನಲ್ಲಿ ಇನ್ನೂರು ಸಾಲು ಸಿಕ್ಕರೆ? ತಲೆಬರಹ ಮೇಲೆ ಸರಿದು ಕಣ್ಮರೆ. ಕೆಳಗೆ ಬರೀ ಸಂಖ್ಯೆಗಳು, ಯಾವ ಊರಿನ ಮನೆ ನಂಬರುಗಳೋ.

ಇಷ್ಟಾದರೂ ಪೂರ್ತಿ ಪಾತ್ ಬೇಕೇ ಬೇಕೆಂಬ ಹಟವಾದಿಗಳಿಗೆ ಮೌಸ್ ಉಂಟು. ಹೆಸರಿನ ಮೇಲಿಟ್ಟು, ಉಸಿರು ಬಿಗಿಹಿಡಿದು ಕಾಯಿರಿ. ಕೆಳಗಿನ ಮೂರು ಫಲಿತಾಂಶಗಳನ್ನು ಮುಚ್ಚಿಕೊಂಡು ಪುಟ್ಟ ಚೌಕವೊಂದು ಮೂಡುತ್ತದೆ, ಪಾತ್ ಆಮೂಲಾಗ್ರವಾಗಿ ಅಲ್ಲಿರುತ್ತದೆ. ಕಾಪಿ ಮಾಡಿಕೊಳ್ಳೋಣವೆಂದು ಕೈ ಅಲ್ಲಾಡಿಸಿದಿರೋ, ಚೌಕವೂ ಇಲ್ಲ, ಪಾತೂ ಇಲ್ಲ.