ಕೊಂಬೆಗೊಂದು ಹರಕೆಯ ಗಂಟು

ಕಾಡಿನ ಕಾಲುದಾರಿಯಲ್ಲಿ, ಎದೆಯೆತ್ತರದ ಕೊಂಬೆಯಲ್ಲಿ ನೇತಾಡುವ ಆ ಪುಟ್ಟ ಪ್ಲಾಸ್ಟಿಕ್ ಚೀಲವನ್ನು ನೋಡದವರು ಯಾರಿದ್ದಾರೆ? ಒಳಗಿರುವುದೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಬಾಯಿಗೆ ಬಿಗಿಯಾದ ಎರಡು ಗಂಟು, ಗಂಟಿನ ಕಿವಿಗಳು ಹರಕೆ ಕಟ್ಟಿದಷ್ಟೇ ಅಚ್ಚುಕಟ್ಟಾಗಿ ರೆಂಬೆಗೆ ಸಿಕ್ಕಿಕೊಂಡಿವೆ. ನಾಯಿ ಪೊದೆಯ ಮರೆಯಲ್ಲಿ ನಾಚಿಕೊಂಡು ಮುಗಿಸಿದ ಕೆಲಸವನ್ನು ಯಜಮಾನರು ಬಗ್ಗಿ ಎತ್ತಿ, ಚೀಲಕ್ಕೆ ತುಂಬಿ, ಹೋಗಿ ಬರುವವರೆಲ್ಲರ ಕಣ್ಣಿಗೆ ಬೀಳುವಂತೆ ಮೇಲೇರಿಸಿದ್ದಾರೆ. ನಾಲ್ಕು ಮಳೆಗೆ ತೊಳೆದು ಹೋಗುತ್ತಿದ್ದ ವಸ್ತುವಿಗೆ ಅಮರತ್ವ ದಯಪಾಲಿಸಿದ್ದಾರೆ. ಇಂಥ ನಾಗರಿಕರು ಇರುವುದರಿಂದಲೇ ಲೋಕ ಇನ್ನೂ ನಿಂತಿದೆ.

ಕೇಳಿದರೆ ಸಿದ್ಧ ಉತ್ತರವಿದೆ: 'ವಾಪಸು ಬರುವಾಗ ತೆಗೆದುಕೊಂಡು ಹೋಗುತ್ತೇವೆ.' ಎಂಥ ಘನ ಸಂಕಲ್ಪ! ಆದರೆ ಆ ದಾರಿ ಗುಡ್ಡವನ್ನು ಬಳಸಿ ಇನ್ನೊಂದು ಮಗ್ಗುಲಲ್ಲಿ ಇಳಿಯುತ್ತದೆ. ಅದಕ್ಕೆ ವಾಪಸು ಎಂಬುದೇ ಇಲ್ಲ. ಆರಂಭದಲ್ಲಿರುವ ನಕ್ಷೆಯ ಫಲಕಕ್ಕೆ ಒರಗಿ ಫೋಟೋ ತೆಗೆಸಿಕೊಂಡವರಿಗೆ ಬೆನ್ನ ಹಿಂದಿನ ನಕ್ಷೆಯನ್ನು ನೋಡಲು ಪುರುಸೊತ್ತಾಗಿರಲಿಕ್ಕಿಲ್ಲ.

ಸ್ವಲ್ಪ ಓದಿಕೊಂಡವರು ಚೀಲದ ಮೇಲಿರುವ ಹಸಿರು ಎಲೆಯ ಚಿತ್ರವನ್ನು ತೋರಿಸುತ್ತಾರೆ. ತಾನಾಗಿಯೇ ಕರಗುತ್ತದಂತೆ. ಗೊಬ್ಬರವಾಗುತ್ತದೆಂದು ಮಾರುವ ಇಂಥ ಬಹುತೇಕ ಚೀಲಗಳು ಕರಗಬೇಕಾದರೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖವನ್ನು ವಾರಗಟ್ಟಲೆ ಹಿಡಿದಿಡುವ ದೊಡ್ಡ ಗೊಬ್ಬರದ ಘಟಕ ಬೇಕು. ತಂಗಾಳಿಗೆ ತೂಗಾಡುವ ರೆಂಬೆಗೆ ಆ ಅರ್ಹತೆ ಯಾವಾಗ ಬಂದಿತೋ ತಿಳಿಯದು.

ಇನ್ನೊಂದು ಪಂಗಡ ಪ್ರಕೃತಿವಾದಿಗಳದು. ಅವರು ಎತ್ತುವುದೇ ಇಲ್ಲ. 'ಜಿಂಕೆ ಮಾಡುವುದಿಲ್ಲವೇ, ನರಿ ಮಾಡುವುದಿಲ್ಲವೇ?' ಮಾಡುತ್ತವೆ ಸ್ವಾಮಿ. ಜಿಂಕೆ ಕಾಡಿನದನ್ನು ತಿಂದು ಕಾಡಿಗೇ ಒಪ್ಪಿಸುತ್ತದೆ. ನಿಮ್ಮ ನಾಯಿ ಮನೆಯಲ್ಲಿ ಪುಷ್ಟಿಕರ ಆಹಾರ ತಿಂದು, ಕಾರಿನಲ್ಲಿ ಬಂದು, ಕಾಡಿಗೆ ಒಪ್ಪಿಸುತ್ತದೆ. ಬೆಲ್ಜಿಯಂನ ಗೆಂಟ್ ನಗರದ ಹೊರವಲಯದ ರಕ್ಷಿತ ಪ್ರದೇಶಗಳಲ್ಲಿ ಸಂಶೋಧಕರು ಇದರ ಲೆಕ್ಕವನ್ನೇ ಹಾಕಿ 2022ರಲ್ಲಿ ಪ್ರಕಟಿಸಿದರು: ನಾಯಿಗಳ ಕೃಪೆಯಿಂದ ವರ್ಷಕ್ಕೆ ಹೆಕ್ಟೇರಿಗೆ 11 ಕಿಲೋ ಸಾರಜನಕ, 5 ಕಿಲೋ ರಂಜಕ. ಬಡ ಮಣ್ಣನ್ನೇ ನೆಚ್ಚಿಕೊಂಡ ಕಾಡುಹೂಗಳಿಗೆ ಈ ಔದಾರ್ಯ ದಕ್ಕುವುದಿಲ್ಲ. ಗೊಬ್ಬರ ಸಿಕ್ಕ ಕಡೆ ಕೊಬ್ಬುವ ಗಿಡಗಳು ಅವುಗಳನ್ನು ಮುಚ್ಚಿಹಾಕುತ್ತವೆ. ಮಲವನ್ನು ಎತ್ತಿ ಒಯ್ದರೆ ರಂಜಕದ ಬಹುಪಾಲು ತಪ್ಪುತ್ತದೆ ಎಂದೂ ಅವರು ಹೇಳಿದ್ದಾರೆ. ಎತ್ತಿ ಒಯ್ದರೆ. ಎತ್ತಿ ಕಟ್ಟಿದರೆ ಅಲ್ಲ.

ನಾಯಿಯೊಂದಿಗೆ ಗುಡ್ಡ ಹತ್ತಿದವರೆಂದರೆ ನನಗೆ ಮೊದಲು ನೆನಪಾಗುವವನು ಧರ್ಮರಾಯ. ಹೆಂಡತಿ, ತಮ್ಮಂದಿರು ಒಬ್ಬೊಬ್ಬರಾಗಿ ಬಿದ್ದಾಗ ತಿರುಗಿ ನೋಡದವನು ರಥ ಹತ್ತುವ ಹೊತ್ತಿಗೆ ನಾಯಿಗಾಗಿ ಹಟ ಹಿಡಿದ. ನಾಯಿ ಸಾಕಿದವರಿಗೆ ಸ್ವರ್ಗದಲ್ಲಿ ಜಾಗವಿಲ್ಲ ಎಂದು ಇಂದ್ರ ಮುಖಕ್ಕೆ ಹೊಡೆದಂತೆ ಹೇಳಿದ. ಅರಣ್ಯದ ಗೇಟು ಕಾಯುವವರ ಮೂಲಪುರುಷ ಇವನೇ ಇರಬೇಕು. ಈಗ ಪ್ರತಿ ಗೇಟಿನಲ್ಲೂ ಒಬ್ಬ ಧರ್ಮರಾಯ ನಿಂತಿರುತ್ತಾನೆ. 'ನಾಯಿಗಳಿಗೆ ಪ್ರವೇಶವಿಲ್ಲ' ಎಂಬ ಫಲಕದ ಕೆಳಗೇ ನಿಂತು, 'ಇವನು ನಾಯಿಯಲ್ಲ, ನಮ್ಮ ಮಗ' ಎಂದು ವಾದಿಸುತ್ತಾನೆ. ಕಾವಲಿನವನು ಸುಸ್ತಾಗಿ ಒಳಗೆ ಬಿಡುತ್ತಾನೆ. ಪುರಾಣದ ನಾಯಿ ಕೊನೆಗೆ ಯಮಧರ್ಮನೇ ಆಗಿತ್ತೆನ್ನಿ. ಆದರೆ ಯಮಧರ್ಮ ದಾರಿಯುದ್ದಕ್ಕೂ ಪೊದೆಗೆ ನುಗ್ಗಿ ಗೂಡಿನ ಹಕ್ಕಿಗಳನ್ನು ಹಾರಿಸಿದನೆಂದು ನಾನಂತೂ ಎಲ್ಲೂ ಓದಿಲ್ಲ.

'ಹೆದರಬೇಡಿ, ಅವನು ಏನೂ ಮಾಡುವುದಿಲ್ಲ!' ಈ ಮಾತನ್ನು ಯಾವಾಗಲೂ ದೂರದಿಂದಲೇ ಕೂಗಲಾಗುತ್ತದೆ. ಕೂಗುವ ಹೊತ್ತಿಗೆ ನಾಯಿಯ ಮುಂಗಾಲುಗಳು ನಿಮ್ಮ ಎದೆಯ ಮೇಲಿರುತ್ತವೆ. ಹಗ್ಗವಿದೆ, ಇಲ್ಲವೆಂದಲ್ಲ. ಅದು ಯಜಮಾನರ ಕುತ್ತಿಗೆಯಲ್ಲಿ ಶಾಲಿನಂತೆ ಶೋಭಿಸುತ್ತಿರುತ್ತದೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ನಾಯಿಯನ್ನು ಬಿಡುವ ಕಡೆಯೂ ಹಗ್ಗ ಆರು ಅಡಿ ಮೀರಬಾರದೆಂಬ ನಿಯಮವಿದೆ. ಹಗ್ಗ ಹಾಕಿದರೂ ಹಕ್ಕಿಗಳಿಗೆ ಸಮಾಧಾನವಿಲ್ಲ. ಸಿಡ್ನಿಯ ಸಮೀಪದ ಕಾಡುದಾರಿಗಳಲ್ಲಿ ನಡೆದ, 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಗ್ಗ ಹಿಡಿದು ನಾಯಿ ನಡೆಸಿದ ಕಡೆ ಹಕ್ಕಿಗಳ ಬಗೆಗಳು ಶೇಕಡಾ 35ರಷ್ಟು, ಅವುಗಳ ಸಂಖ್ಯೆ ಶೇಕಡಾ 41ರಷ್ಟು ಇಳಿದಿದ್ದವು. ಅವನು ಏನೂ ಮಾಡುವುದಿಲ್ಲ ಎಂಬುದನ್ನು ಆ ಹಕ್ಕಿಗಳಿಗೆ ಯಾರೂ ಕೂಗಿ ಹೇಳಿರಲಿಲ್ಲವೆಂದು ಕಾಣುತ್ತದೆ.

ನಾಯಿಯ ಜೊತೆಗಿನ ಕಾಡಿನ ನಡಿಗೆಯಿಂದ ಲೋಕಕ್ಕೆ ಲಾಭವೇ ಆಗಿಲ್ಲ ಎನ್ನಲಾರೆ. 1941ರಲ್ಲಿ ಸ್ವಿಟ್ಜರ್ಲೆಂಡಿನ ಜಾರ್ಜ್ ಡಿ ಮೆಸ್ತ್ರಾಲ್ ಸುತ್ತಾಟ ಮುಗಿಸಿ ಬಂದಾಗ ಅವನ ನಾಯಿಯ ಮೈತುಂಬ ಮುಳ್ಳುಕಾಯಿಗಳು ಅಂಟಿದ್ದವು. ಕಿತ್ತು ಬಿಸಾಡುವ ಬದಲು ಅವನು ಸೂಕ್ಷ್ಮದರ್ಶಕದ ಕೆಳಗಿಟ್ಟ. ಪುಟ್ಟ ಪುಟ್ಟ ಕೊಕ್ಕೆಗಳು ಕಂಡವು, ಮುಂದೆ ವೆಲ್ಕ್ರೋ ಹುಟ್ಟಿತು. ಇಂದು ಅದೇ ವೆಲ್ಕ್ರೋದಿಂದ ಮಲದ ಚೀಲಗಳ ಸುರುಳಿಯನ್ನು ಹಗ್ಗಕ್ಕೆ ಅಂಟಿಸಿಕೊಂಡು ಬರುತ್ತಾರೆ. ಸುರುಳಿ ಮಾತ್ರ ಬಿಚ್ಚುವುದಿಲ್ಲ.

ಇಷ್ಟನ್ನು ನಗುತ್ತಾ ಬರೆಯಬಹುದು. ಮಟಮಟ ಮಧ್ಯಾಹ್ನ ಚಪ್ಪಟೆ ಮೂತಿಯ ನಾಯಿಯನ್ನು ಬೋಳುಬಂಡೆಯ ಮೇಲೆ ಎಳೆದುಕೊಂಡು ಹೋಗುವುದನ್ನು ಕಂಡಾಗ ನಗು ಬರುವುದಿಲ್ಲ. ನಾಯಿಗೆ ನಮ್ಮಂತೆ ಮೈಯೆಲ್ಲಾ ಬೆವರುವುದಿಲ್ಲ. ಅಂಗಾಲಿನಲ್ಲಿ ಒಂದಿಷ್ಟು, ಉಳಿದದ್ದೆಲ್ಲ ಏದುಸಿರು. ಮೂತಿ ಗಿಡ್ಡವಾಗುವಂತೆ ನಾವೇ ತಳಿ ಮಾಡಿದ ನಾಯಿಗೆ ಆ ಏದುಸಿರೂ ಸಾಲುವುದಿಲ್ಲ. ನಾಲಿಗೆ ಒಂದು ಬದಿಗೆ ಜೋತುಬಿದ್ದಿರುತ್ತದೆ, ಜೊಲ್ಲು ಅಂಟಂಟಾಗಿರುತ್ತದೆ, ಹಿಂಗಾಲು ತಡವರಿಸುತ್ತದೆ. ಯಜಮಾನರು 'ನೋಡಿ, ನಗುತ್ತಿದ್ದಾನೆ' ಎನ್ನುತ್ತಾ ಮೊಬೈಲ್ ತೆಗೆಯುತ್ತಾರೆ. ಅವನು ನಗುತ್ತಿಲ್ಲ. ಮೈ ಕಾಯಿಸಿಕೊಂಡು ಸಾಯುವ ದಾರಿಯಲ್ಲಿದ್ದಾನೆ. ಬೇಡವೆನ್ನಲು ಅವನಿಗೆ ಬರುವುದಿಲ್ಲ; ನೀವು ನಡೆದಷ್ಟು ದೂರ ಕುಸಿದು ಬೀಳುವವರೆಗೂ ಬರುತ್ತಾನೆ. ಆ ಬಂಡೆಯ ಮೇಲೆ ನಿಮ್ಮ ಬೂಟು ಬಿಚ್ಚಿ ಬರಿಗಾಲಲ್ಲಿ ಹತ್ತು ಎಣಿಸುವವರೆಗೆ ನಿಲ್ಲಿ, ಆಮೇಲೆ ಮಾತನಾಡೋಣ. ಬಾಟಲಿಯಲ್ಲಿ ನೀರು ಉಳಿದಿದ್ದರೆ ಅವನಿಗೆ ಕುಡಿಸಿ, ಹೊಟ್ಟೆಗೂ ಕಾಲಿಗೂ ಸುರಿಯಿರಿ, ನೆರಳಿಗೆ ಕರೆದೊಯ್ಯಿರಿ, ವೈದ್ಯರಿಗೆ ಫೋನ್ ಮಾಡಿ. ಶಿಖರದ ಫೋಟೋ ಬೇಕಾದಷ್ಟು ಜನ ಹಾಕಿದ್ದಾರೆ, ಅದನ್ನೇ ನೋಡಿಕೊಳ್ಳಿ.