ಧೈರ್ಯ ಹೇಳಿದ್ದು ಸಾಕು, ನನ್ನ ಫೈಲ್ ಕೊಡಿ

ಇವತ್ತು ಸಂಜೆ ಒಂದು ಸ್ಫೂರ್ತಿ ಭಾಷಣ ಕೇಳಲು ಹೋಗಿದ್ದೆ. ಮನೆಗೆ ಬಂದು ಎರಡು ಗಂಟೆ ಆಯಿತು. ಕೋಪ ಇನ್ನೂ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮಾತನಾಡಿದವರು ಒಳ್ಳೆಯ ಮಾತುಗಾರರು. ಅದರಲ್ಲಿ ಎರಡು ಮಾತಿಲ್ಲ. ನಗಿಸಿದರು, ಅಳಿಸಿದರು. ಕೊನೆಗೆ ದನಿ ತಗ್ಗಿಸಿ ಹೇಳಿದರು: "ಗುಣವಾಗಲೇಬೇಕು ಅಂತ ಯಾರು ನಿರ್ಧಾರ ಮಾಡುತ್ತಾರೋ ಅವರು ಗುಣವಾಗಿಯೇ ಆಗುತ್ತಾರೆ. ಕಾಯಿಲೆ ಮೊದಲು ಸೋಲಬೇಕಾದ್ದು ಮನಸ್ಸಿನಲ್ಲಿ." ಇಡೀ ಹಾಲ್ ಎದ್ದು ನಿಂತು ಚಪ್ಪಾಳೆ ತಟ್ಟಿತು. ನನ್ನ ಮುಂದಿನ ಸಾಲಿನಲ್ಲಿ ತಲೆಗೆ ಸ್ಕಾರ್ಫ್ ಕಟ್ಟಿಕೊಂಡ ಒಬ್ಬ ಹುಡುಗಿ ಇದ್ದಳು. ಅವಳು ಏಳಲಿಲ್ಲ. ಕೈ ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತಾ ಕೂತಿದ್ದಳು.

ನನಗೂ ಏಳಲು ಮನಸ್ಸಾಗಲಿಲ್ಲ.

ಆ ಮಾತನ್ನು ಒಮ್ಮೆ ತಿರುಗಿಸಿ ನೋಡಿ. ನಿರ್ಧಾರ ಮಾಡಿದವರು ಗುಣವಾಗುತ್ತಾರೆ ಅಂದರೆ, ಗುಣವಾಗದೆ ಹೋದವರು ಸರಿಯಾಗಿ ನಿರ್ಧಾರ ಮಾಡಲಿಲ್ಲ ಅಂತಲೇ ಆಯಿತು, ಅಲ್ವಾ? ನನ್ನ ಕ್ಯಾನ್ಸರ್‌ಗೆ ಕೀಮೋ ಹಾಕಿಸಿಕೊಳ್ಳುವಾಗ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಟೀಚರಮ್ಮ ನಿಮಗೆ ನೆನಪಿರಬಹುದು. ಆಗ ಅವರ ಬಗ್ಗೆ ಇಲ್ಲೇ ಬರೆದಿದ್ದೆ. ಬದುಕಬೇಕು ಅಂತ ಅವರಷ್ಟು ಆಸೆ ಇಟ್ಟುಕೊಂಡವರನ್ನು ನಾನು ನೋಡಿಲ್ಲ. ಅವರು ಹೋದರು. ನಾನು ಉಳಿದೆ. ನನ್ನ ಮನಸ್ಸು ಅವರದಕ್ಕಿಂತ ಗಟ್ಟಿ ಅಂತ ಯಾರೇ ಹೇಳಿದರೂ ಒಪ್ಪಲಾರೆ. ನನ್ನ ಗಡ್ಡೆ ಬೇಗ ಕೈಗೆ ಸಿಕ್ಕಿತ್ತು. ಅವರದು ಸಿಗುವಷ್ಟರಲ್ಲಿ ಲಿವರ್‌ಗೆ ಹೋಗಿತ್ತು.

ಇದನ್ನು ಲೆಕ್ಕ ಹಾಕಿ ನೋಡಿದವರೂ ಇದ್ದಾರೆ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಇದ್ದ 1,093 ರೋಗಿಗಳ ಮನಸ್ಸಿನ ಸ್ಥಿತಿಯನ್ನೂ, ಅವರು ಎಷ್ಟು ದಿನ ಬದುಕಿದರು ಅನ್ನುವುದನ್ನೂ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಕಾಯ್ನ್ ಮತ್ತು ಜೊತೆಗಾರರು ಹೋಲಿಸಿದರು. 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡಕ್ಕೂ ಸಂಬಂಧ ಸಿಗಲಿಲ್ಲ. ಹೆದರಿದವರು ಬೇಗ ಹೋಗಲಿಲ್ಲ, ನಗುತ್ತಿದ್ದವರು ಜಾಸ್ತಿ ದಿನ ಉಳಿಯಲಿಲ್ಲ. ನನಗೆ ಇದನ್ನು ಓದಿದಾಗ ಬೇಸರ ಆಗಲಿಲ್ಲ. ಎದೆಯ ಮೇಲಿಂದ ಒಂದು ಕಲ್ಲು ಇಳಿದ ಹಾಗೆ ಆಯಿತು. ಅಂದರೆ ನಾನು ಅಳಬಹುದು. ಅತ್ತರೆ ಸಾಯುವುದಿಲ್ಲ.

ಇನ್ನು ಇದುವರೆಗೆ ಇಲ್ಲಿ ಹೇಳದ ಒಂದು ವಿಷಯ ಹೇಳುತ್ತೇನೆ.

ಕೀಮೋದಲ್ಲಿ ನನ್ನ ಎರಡನೇ ಔಷಧಿ ಪ್ಯಾಕ್ಲಿಟಾಕ್ಸೆಲ್. ವಾರಕ್ಕೊಂದು. ಮೂರನೇ ವಾರಕ್ಕೆ ಬೆರಳ ತುದಿ ಜುಮುಗುಡಲು ಶುರುವಾಯಿತು. ಆಮೇಲೆ ಮರಗಟ್ಟಿತು. ನಾನು ಯಾರಿಗೂ ಹೇಳಲಿಲ್ಲ. ಯಾಕೆ ಗೊತ್ತಾ? ಆ ದಿನಗಳಲ್ಲಿ ದಿನಕ್ಕೆ ಎರಡು ಮೂರು ಇಂಥ ಭಾಷಣ ಕೇಳುತ್ತಿದ್ದೆ. ನೀವೇ ಎಷ್ಟೋ ಜನ ಪ್ರೀತಿಯಿಂದ ಕಳಿಸಿದ್ದಿರಿ. ನೋವಿನ ಬಗ್ಗೆ ಮಾತಾಡಿದರೆ ನೋವು ಬೆಳೆಯುತ್ತದೆ ಅಂತ ಅವುಗಳಲ್ಲಿ ಹೇಳುತ್ತಿದ್ದರು. ಡಾಕ್ಟರ್ "ಹೇಗಿದ್ದೀರಿ?" ಅಂದಾಗಲೆಲ್ಲ "ಚೆನ್ನಾಗಿದ್ದೇನೆ ಡಾಕ್ಟರ್" ಅಂತ ನಗುತ್ತಿದ್ದೆ. ಅವರೂ ನಕ್ಕು ಮುಂದಿನ ಡೋಸ್ ಬರೆಯುತ್ತಿದ್ದರು. ಎಂಟನೇ ವಾರ ಲೋಟ ಕೈಜಾರಿ ಬಿತ್ತು. ಆಗ ಹೇಳಿದೆ. ಅವರು ಪೆನ್ ಕೆಳಗಿಟ್ಟು, "ಆಗಲೇ ಹೇಳಿದ್ದರೆ ಡೋಸ್ ಕಡಿಮೆ ಮಾಡುತ್ತಿದ್ದೆನಲ್ಲಮ್ಮ" ಅಂದರು.

ಇವತ್ತಿಗೂ ನನಗೆ ಸೂಜಿಗೆ ದಾರ ಪೋಣಿಸಲು ಬರುವುದಿಲ್ಲ. ಬ್ಲೌಸಿನ ಹುಕ್ ಹಾಕಲು ತಂಗಿ ಬೇಕು.

ಧೈರ್ಯದ ಭಾಷಣದ ಮೇಲೆ ನನಗೆ ಇಷ್ಟು ಸಿಟ್ಟು ಬರುವುದು ಇದಕ್ಕೇ. ನನಗೆ ಅದು ಧೈರ್ಯ ಕೊಡಲಿಲ್ಲ, ಬಾಯಿ ಮುಚ್ಚಿಸಿತು.

ಎಲ್ಲ ಭಾಷಣವೂ ಹಾಗಲ್ಲ. ಟೆಡ್ ಅನ್ನುವ ಭಾಷಣ ವೇದಿಕೆಯ ಒಂದು ಕಾರ್ಯಕ್ರಮದಲ್ಲಿ 2011ರಲ್ಲಿ ಡೇವ್ ಡಿಬ್ರಾಂಕಾರ್ಟ್ ಅನ್ನುವವರು ಆಡಿದ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. 2007ರ ಜನವರಿಯಲ್ಲಿ ಭುಜಕ್ಕೆ ಅಂತ ತೆಗೆಸಿದ ಎಕ್ಸ್‌ರೇಯಲ್ಲಿ ಅವರ ಶ್ವಾಸಕೋಶದಲ್ಲಿ ಒಂದು ಚುಕ್ಕೆ ಕಂಡಿತು. ನೋಡಿದರೆ ಕಿಡ್ನಿಯ ಕ್ಯಾನ್ಸರ್, ಆಗಲೇ ಹರಡಿತ್ತು. ಅವರ ಸ್ಥಿತಿಯಲ್ಲಿದ್ದವರಲ್ಲಿ ಅರ್ಧ ಜನ 24 ವಾರದೊಳಗೆ ಹೋಗುತ್ತಿದ್ದರು. ಆಗ ಅವರ ಡಾಕ್ಟರ್ "ಮನಸ್ಸು ಗಟ್ಟಿ ಮಾಡಿಕೊಳ್ಳಿ" ಅನ್ನಲಿಲ್ಲ. ಅದೇ ಕಾಯಿಲೆಯ ರೋಗಿಗಳು ಆನ್‌ಲೈನ್‌ನಲ್ಲಿ ಮಾತಾಡಿಕೊಳ್ಳುವ ಗುಂಪಿನ ವಿಳಾಸ ಕೊಟ್ಟರು. ಅಲ್ಲಿ ಕೇಳಿದ ದಿನವೇ ಉತ್ತರ ಬಂತು: "ಇಂಟರ್‌ಲ್ಯೂಕಿನ್ ಅನ್ನುವ ಔಷಧಿಯನ್ನು ದೊಡ್ಡ ಡೋಸಿನಲ್ಲಿ ಕೊಡುವ ಒಂದು ಚಿಕಿತ್ಸೆ ಇದೆ. ಜಾಸ್ತಿ ಜನರಿಗೆ ಅದು ಕೆಲಸ ಮಾಡುವುದಿಲ್ಲ, ಕೆಲವರಿಗೆ ಮಾಡುತ್ತದೆ. ಎಷ್ಟೋ ಆಸ್ಪತ್ರೆಗಳಲ್ಲಿ ಅದು ಸಿಗುವುದಿಲ್ಲ, ಹಾಗಾಗಿ ಅಲ್ಲಿ ಹೇಳುವುದೂ ಇಲ್ಲ. ಕೊಡುವ ನಾಲ್ಕು ಡಾಕ್ಟರುಗಳ ಹೆಸರು, ಫೋನ್ ನಂಬರ್ ಇಲ್ಲಿದೆ, ಫೋನ್ ಮಾಡಿ."

ಇದಲ್ವಾ ಧೈರ್ಯ ಹೇಳುವ ರೀತಿ? ಫೋನ್ ನಂಬರ್!

ಅವರಿಗೆ ಔಷಧಿ ಹಿಡಿಯಿತು. ಹಿಡಿಯದೆಯೂ ಇರಬಹುದಿತ್ತು. ಅದನ್ನೂ ಅವರಿಗೆ ಮೊದಲೇ ಯಾರೂ ಮುಚ್ಚಿಡಲಿಲ್ಲ.

ಇನ್ನೊಬ್ಬರು ರೆಜಿನಾ ಹಾಲಿಡೇ. ಚಿತ್ರ ಬರೆಯುವವರು. 2009ರಲ್ಲಿ ಅವರ ಗಂಡನಿಗೂ ಇದೇ ಕಿಡ್ನಿಯ ಕ್ಯಾನ್ಸರ್. ಆಸ್ಪತ್ರೆಯಲ್ಲಿ ಗಂಡನ ದಾಖಲೆ ಕೇಳಿದರೆ ಒಂದು ಪುಟಕ್ಕೆ 73 ಸೆಂಟ್ಸ್ ಕೊಡಿ, 21 ದಿನ ಕಾಯಿರಿ ಅಂದರು. ಸಾಯುತ್ತಿರುವ ಮನುಷ್ಯನ ಹೆಂಡತಿಗೆ 21 ದಿನ! ಗಂಡ ತೀರಿಕೊಂಡ ಮೇಲೆ ಅವರು ವಾಷಿಂಗ್ಟನ್‌ನಲ್ಲಿ ಒಂದು ದೊಡ್ಡ ಗೋಡೆಯ ಮೇಲೆ ಈ ಕಥೆಯನ್ನೇ ಚಿತ್ರವಾಗಿ ಬರೆದರು. ಚಿತ್ರದ ಹೆಸರೂ 73 ಸೆಂಟ್ಸ್. ಆಮೇಲೆ ಊರೂರು ತಿರುಗಿ ಭಾಷಣ ಮಾಡಿದರು. ರೋಗಿಗಳ ಕಥೆಗಳನ್ನು ಅವರವರ ಕೋಟಿನ ಬೆನ್ನ ಮೇಲೆ ಬರೆದುಕೊಟ್ಟರು. ಅವರ ಮಾತು ಕೇಳಿದ ಮರುದಿನವೇ ನಾನು ನನ್ನ ಬಯಾಪ್ಸಿ ರಿಪೋರ್ಟಿನ ಪ್ರತಿ ಕೇಳಲು ಹೋದೆ. ಕೌಂಟರಿನಲ್ಲಿದ್ದವರು "ನಿಮಗ್ಯಾಕಮ್ಮ ಅದು? ಸುಮ್ನೆ ಓದಿ ಹೆದರಿಕೊಳ್ಳುತ್ತೀರಿ" ಅಂದರು. ನನ್ನ ಮೈಯ ತುಂಡನ್ನು ಪರೀಕ್ಷೆ ಮಾಡಿ ಬರೆದ ಕಾಗದ ಅದು. ನಾನು ಓದಬಾರದಾ?

ಓದಿದರೆ ರೋಗಿ ಹೆದರುತ್ತಾನೆ ಅನ್ನುವ ಮಾತನ್ನು ಓದಿಕೊಂಡವರೂ ಹೇಳುತ್ತಾರೆ. ಅಮೆರಿಕದಲ್ಲಿ 2010ರಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಬಾಸ್ಟನ್, ಪೆನ್ಸಿಲ್ವೇನಿಯಾ, ಸಿಯಾಟಲ್‌ನ 105 ಡಾಕ್ಟರುಗಳು ತಾವು ಬರೆದ ಟಿಪ್ಪಣಿಗಳನ್ನು ರೋಗಿಗಳಿಗೇ ಓದಲು ತೆರೆದಿಟ್ಟರು. ಓಪನ್‌ನೋಟ್ಸ್ ಅಂತ ಅದರ ಹೆಸರು. ವರ್ಷ ಕಳೆದ ಮೇಲೆ, ನಿಲ್ಲಿಸುತ್ತೇನೆ ಅಂದ ಡಾಕ್ಟರ್ ಒಬ್ಬರೂ ಇರಲಿಲ್ಲ. ಉತ್ತರ ಕೊಟ್ಟ ರೋಗಿಗಳಲ್ಲಿ 99 ಶೇಕಡಾ ಜನ ಇದು ಮುಂದುವರಿಯಲಿ ಅಂದರು. ಗೊತ್ತಿಲ್ಲದಿರುವುದರಷ್ಟು ಹೆದರಿಸುವುದು ಬೇರೆ ಯಾವುದೂ ಇಲ್ಲ. ರಾತ್ರಿ ಮೂರು ಗಂಟೆಗೆ ಎದ್ದು ಕೂತವರನ್ನು ಕೇಳಿ, ಹೇಳುತ್ತಾರೆ.

"ಹಾಗಾದರೆ ಮನಸ್ಸು ಬೇಡವೇ ಬೇಡವಾ?" ಅಂತ ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ಬೇಕು. ಮನಸ್ಸು ನೆಟ್ಟಗಿದ್ದರೆ ನಿದ್ದೆ ಬರುತ್ತದೆ, ಊಟ ಸೇರುತ್ತದೆ, ದಿನ ಕಳೆಯುತ್ತದೆ. ಅಷ್ಟು ಸಾಲದಾ? ಅದರ ಮೇಲೆ ಗಡ್ಡೆ ಕರಗಿಸುವ ಕೆಲಸವನ್ನೂ ಯಾಕೆ ಹೊರಿಸಬೇಕು? ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮನೋವೈದ್ಯ ರಾಬರ್ಟ್ ವಾಲ್ಡಿಂಗರ್ 2015ರಲ್ಲಿ ಒಂದು ಭಾಷಣದಲ್ಲಿ ತಮ್ಮಲ್ಲಿ 1938ರಿಂದ ನಡೆದಿರುವ ಅಧ್ಯಯನದ ಬಗ್ಗೆ ಹೇಳಿದರು. ಅದನ್ನು ನಡೆಸಿದವರು 724 ಗಂಡಸರ ಬದುಕನ್ನು ವರ್ಷವರ್ಷವೂ ನೋಡುತ್ತಾ ಬಂದರು. ಅವರಿಗೆ ಕಂಡದ್ದು, ಹತ್ತಿರದವರ ಜೊತೆ ಚೆನ್ನಾಗಿದ್ದವರು ಸುಖವಾಗಿಯೂ ಆರೋಗ್ಯವಾಗಿಯೂ ಇದ್ದರು ಅಂತ. ನಾನು ಇದನ್ನು ಒಪ್ಪುತ್ತೇನೆ. ಆದರೆ ಹತ್ತಿರದವರು ಅಂದರೆ "ನಗು, ನಗು" ಅನ್ನುವವರಲ್ಲ. ನನಗೆ ಹತ್ತಿರದವಳು ತಂಗಿ. ಪ್ರತಿ ಸಲವೂ ನನ್ನ ಜೊತೆ ಒಳಗೆ ಬಂದು, ನೋಟ್‌ಬುಕ್ ತೆಗೆದು, ಡಾಕ್ಟರ್ ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದಳು. ಡಾಕ್ಟರ್ ಹೇಳಿದ್ದರಲ್ಲಿ 40ರಿಂದ 80 ಶೇಕಡಾ ಕೂಡಲೇ ಮರೆತುಹೋಗುತ್ತದೆ ಅಂತ ಅಧ್ಯಯನಗಳು ಹೇಳುತ್ತವೆ. ನನಗೆ ಅದಕ್ಕಿಂತ ಜಾಸ್ತಿಯೇ ಮರೆಯುತ್ತಿತ್ತು. ಕ್ಯಾನ್ಸರ್ ಅನ್ನುವ ಪದ ಕೇಳಿದ ಮೇಲೆ ಉಳಿದದ್ದು ಕಿವಿಗೆ ಬೀಳುವುದೇ ಇಲ್ಲ.

ಭಾಷಣ ಮುಗಿದ ಮೇಲೆ ಆ ಹುಡುಗಿಯ ಪಕ್ಕ ಹೋಗಿ ಕೂತೆ. ನನ್ನ ಕೂದಲು ಬಂದು ಎರಡು ವರ್ಷ ಆಯಿತು ಅಂದೆ. ಅವಳು ನನ್ನ ತಲೆ ನೋಡಿ ಮೊದಲ ಸಲ ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು: "ಅಕ್ಕಾ, ನಾನು ರಾತ್ರಿ ತುಂಬಾ ಹೆದರುತ್ತೇನೆ. ಅದರಿಂದ ಕಾಯಿಲೆ ಜಾಸ್ತಿ ಆಗುತ್ತಾ?"

ಇಲ್ಲ ಅಂದೆ. ಮೂರು ಸಲ ಅಂದೆ.

ಮುಂದಿನ ಡೋಸ್ ಗುರುವಾರ ಅಂದಳು. ಯಾವ ಔಷಧಿ ಅಂತ ಕೇಳಿದೆ. ಗೊತ್ತಿಲ್ಲ ಅಂದಳು. ನಾಲ್ಕು ಸಲ ಆಗಿದೆ. ಕೆಂಪು ಬಣ್ಣದ್ದು, ಅಷ್ಟೇ ಗೊತ್ತು. ಕೇಳಿದರೆ ಡಾಕ್ಟರ್ ಏನಂದುಕೊಳ್ಳುತ್ತಾರೋ ಅಂತ ಕೇಳಿಲ್ಲ.

ಅವಳ ಬ್ಯಾಗಿನಲ್ಲಿದ್ದ ಕಾರ್ಯಕ್ರಮದ ಆಮಂತ್ರಣ ಪತ್ರದ ಹಿಂದೆ ಇಬ್ಬರೂ ಸೇರಿ ಪ್ರಶ್ನೆ ಬರೆದೆವು. ಬರೆದದ್ದು ಅವಳೇ, ನನ್ನ ಬೆರಳಿಗೆ ಪೆನ್ ಸರಿಯಾಗಿ ನಿಲ್ಲುವುದಿಲ್ಲ. ಮೊದಲನೆಯದು: ಈ ಔಷಧಿಯ ಹೆಸರೇನು? ಗುರುವಾರ ಸಂಜೆ ಫೋನ್ ಮಾಡಿ ಹೇಳುತ್ತೇನೆ ಅಂದಿದ್ದಾಳೆ.