ಕುದಿದ ಮೇಲೆ ತಾನೇ ನಿಲ್ಲುವ ಕೆಟಲ್

ನಾನಿರುವ ಬ್ರಿಟನ್ನಿನಲ್ಲಿ ಬರೀ ನೀರು ಕಾಯಿಸಲು ಸ್ಟವ್ ಹಚ್ಚುವವರು ಅಪರೂಪ. ಪ್ಲಗ್ಗಿನ ಪಕ್ಕದಲ್ಲಿ ಕೆಟಲ್ ಕೂತೇ ಇರುತ್ತದೆ. ಅಮೆರಿಕದಲ್ಲಿ ಮಾತ್ರ ಒಲೆಯ ಮೇಲೆ ಸಿಳ್ಳೆ ಹಾಕುವ ಕೆಟಲ್ ಇನ್ನೂ ಉಳಿದಿದೆ. ಅದಕ್ಕೆ ಅರ್ಧ ಕಾರಣ ಗೋಡೆಯೊಳಗಿದೆ. ಇಲ್ಲಿ ಬರುವ ಕರೆಂಟು 230 ವೋಲ್ಟ್. 3 ಕಿಲೋವಾಟ್ ಕೆಟಲ್ ಒಂದು ಲೀಟರ್ ನೀರನ್ನು ಎರಡು ನಿಮಿಷದ ಆಸುಪಾಸಿನಲ್ಲಿ ಕುದಿಸುತ್ತದೆ. ಅಲ್ಲಿ 120 ವೋಲ್ಟ್, ಕೆಟಲ್ ಎಳೆಯುವುದು ಸುಮಾರು ಒಂದೂವರೆ ಕಿಲೋವಾಟ್, ಹೊತ್ತು ದುಪ್ಪಟ್ಟು.

ಎಲ್ಲರೂ ಹೊಗಳುವುದು ಈ ವೇಗವನ್ನೇ. ನನಗೆ ಕೆಟಲಿನ ಜಾಣತನ ಕಾಣುವುದು ಅದು ನಿಲ್ಲುವುದರಲ್ಲಿ.

1890ರ ದಶಕದ ವಿದ್ಯುತ್ ಕೆಟಲ್‌ಗಳಲ್ಲಿ ಕಾಯುವ ತಂತಿ ತಳದಡಿಯ ಬೇರೆ ಗೂಡಿನಲ್ಲಿತ್ತು, ಶಾಖವೆಲ್ಲ ಪೋಲು. 1920ರ ದಶಕದಲ್ಲಿ ಬರ್ಮಿಂಗ್‌ಹ್ಯಾಮಿನ ಬುಲ್ಪಿಟ್ ಕಂಪನಿ ಅದನ್ನು ಲೋಹದ ಕೊಳವೆಯಲ್ಲಿಟ್ಟು ನೀರಿನೊಳಗೇ ಮುಳುಗಿಸಿತು. ಪೋಲು ತಪ್ಪಿತು, ಕಾವಲು ತಪ್ಪಲಿಲ್ಲ. 3 ಕಿಲೋವಾಟಿನಲ್ಲಿ ಮರಳುತ್ತಲೇ ಇದ್ದರೆ ಒಂದು ಲೀಟರ್ ನೀರು ಹನ್ನೆರಡು–ಹದಿಮೂರು ನಿಮಿಷದಲ್ಲಿ ಪೂರ್ತಿ ಆವಿಯಾಗುತ್ತದೆ. ಆಮೇಲೆ ಸುಡುವುದು ಆ ಕಾಯುವ ತಂತಿಯೇ.

1955ರಲ್ಲಿ ರಸೆಲ್ ಹಾಬ್ಸ್ ಕಂಪನಿ ತಂದ ಕೆ1 ಎಂಬ ಕೆಟಲ್ ಈ ಕಾವಲನ್ನು ಹಬೆಗೇ ವಹಿಸಿತು. ಕುದಿ ಬಂದಾಗ ಹಬೆ ಒಂದು ದಾರಿಯಲ್ಲಿ ಹಾದು, ಎರಡು ಲೋಹ ಬೆಸೆದ ಪಟ್ಟಿಗೆ ತಾಕುತ್ತದೆ. ಒಂದು ಲೋಹ ಇನ್ನೊಂದಕ್ಕಿಂತ ಹೆಚ್ಚು ಹಿಗ್ಗುವುದರಿಂದ ಪಟ್ಟಿ ಬಾಗುತ್ತದೆ, ಸ್ವಿಚ್ ಟಕ್ಕೆಂದು ಆರುತ್ತದೆ. ಗಡಿಯಾರ ಬೇಡ, ಥರ್ಮಾಮೀಟರ್ ಬೇಡ. ಎತ್ತರದ ಊರಿನಲ್ಲಿ ನೀರು 90 ಡಿಗ್ರಿಯ ಹತ್ತಿರವೇ ಕುದಿದರೂ ಮೋಸವಿಲ್ಲ. ಅದು ಕಾದು ಕೂತಿರುವುದು ಹಬೆಗೆ, 100 ಎಂಬ ಅಂಕಿಗಲ್ಲ. ಮುಚ್ಚಳ ತೆರೆದಿಟ್ಟರೆ ಕೆಟಲ್ ಆರದಿರುವುದೂ ಇದಕ್ಕೇ: ಹಬೆ ಮೇಲಿಂದಲೇ ಹೊರಟುಹೋಗುತ್ತದೆ. ಸಿಳ್ಳೆ ಕೆಟಲ್ಲೂ ನಂಬಿರುವುದು ಹಬೆಯನ್ನೇ, ಆದರೆ ಅದಕ್ಕೆ ಕೂಗಿ ಕರೆಯಲಷ್ಟೇ ಬರುತ್ತದೆ. ಎದ್ದು ಹೋಗಬೇಕಾದವರು ನಾವು.

ಹೀಗೆ ಕಾವಲಿಲ್ಲದೆ ಕಾಯುವ ನೀರಿಗೆ ಇಲ್ಲಿನವರು ಎಷ್ಟು ಒಗ್ಗಿದ್ದಾರೆಂದರೆ, 1990ರ ವಿಶ್ವಕಪ್ ಫುಟ್‌ಬಾಲ್ ಸೆಮಿಫೈನಲ್ಲಿನಲ್ಲಿ ಇಂಗ್ಲೆಂಡ್ ಪಶ್ಚಿಮ ಜರ್ಮನಿಗೆ ಸೋತ ಕೂಡಲೇ ದೇಶದ ವಿದ್ಯುತ್ ಬೇಡಿಕೆ 2800 ಮೆಗಾವಾಟ್ ಜಿಗಿಯಿತು. ಅದರಲ್ಲಿ ಕೆಟಲ್‌ಗಳ ಪಾಲು ದೊಡ್ಡದು. (ಸೋತರೂ ಟೀ ಬೇಕು!) ವೇಲ್ಸಿನ ಡಿನೋರ್ವಿಗ್ ಜಲವಿದ್ಯುತ್ ಕೇಂದ್ರ ಮೇಲಿನ ಕೆರೆಯ ನೀರು ಬಿಟ್ಟು ಸೆಕೆಂಡುಗಳಲ್ಲಿ ವಿದ್ಯುತ್ ಕೊಡುವುದು ಇಂಥ ಹೊತ್ತಿಗೂ ಒದಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಪಾತ್ರೆಯಲ್ಲಿ ಕಾಯಿಸುವವರೇ ಮೇಲು. ಅವರು ಲೋಟದಲ್ಲಿ ಅಳೆದು ನೀರು ಹಾಕುತ್ತಾರೆ. ಕೆಟಲಿನವರು ನಲ್ಲಿ ತಿರುಗಿಸಿ ತುಂಬಿಸಿಬಿಡುತ್ತಾರೆ. ಒಂದೂವರೆ ಲೀಟರ್ ಕುದಿಸಿ ಕಾಲು ಲೀಟರ್ ಬಳಸಿದರೆ ಆರರಲ್ಲಿ ಐದು ಪಾಲು ಕರೆಂಟು ದಂಡ. ಎಷ್ಟೋ ಕೆಟಲ್‌ಗಳಲ್ಲಿ ಕನಿಷ್ಠ ನೀರಿನ ಗೆರೆಯೇ ಅರ್ಧ ಲೀಟರಿಗಿದೆ. ಹೊಸದು ಕೊಳ್ಳುವವರು ವಾಟ್ ನೋಡುವ ಮೊದಲು ಆ ಗೆರೆ ನೋಡಲಿ.